ಮನೆಯಿಂದ ತಂದ ನೋವು

ತಂಡದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗೋಡೆ ಎಂದರೆ ಮುಗಿಯಿತು, ಮೈದಾನದ ಹುಲ್ಲು ಕತ್ತರಿಸುವವನಿಗೂ ಗೊತ್ತಾಗುತ್ತಿತ್ತು. ಗೋಲಿನ ಮುಂದೆ ಅವಳು ಕೈ ಅಗಲಿಸಿ ನಿಂತಳೆಂದರೆ ಚೆಂಡಿಗೆ ಬಂದ ದಾರಿಗೆ ಸುಂಕವಿಲ್ಲ. ಹಾಗೆ ವರ್ಷಗಟ್ಟಲೆ ನಿಂತವಳಿಗೆ ಮೂವತ್ತು ದಾಟಿದ ಮೇಲೆ ಎಡ ತೊಡೆಸಂದಿನಲ್ಲಿ ಒಂದು ನೋವು ಬಂದು ಕೂತಿತು. ಕೂತದ್ದು ಏಳಲೇ ಇಲ್ಲ.

ಅದು ಬರುವ ಹೊತ್ತು, ಬರುವ ರೀತಿ ಎಲ್ಲ ಅವಳಿಗೆ ಬಾಯಿಪಾಠ. ಚೆಂಡನ್ನು ಕೈಯಿಂದ ಬಿಟ್ಟು ದೂರಕ್ಕೆ ಒದ್ದ ಗಳಿಗೆಗೆ ಬರುತ್ತಿತ್ತು. ಪಕ್ಕಕ್ಕೆ ಹಾರಲು ಕಾಲು ಅಗಲಿಸಿದರೆ ಬರುತ್ತಿತ್ತು. ಬಸ್ಸಿನ ಸೀಟಿನಿಂದ ಜಾರಿ ಏಳುವಾಗಲೂ ಬರುತ್ತಿತ್ತು. ಮೊದಲು ಚುಳ್ ಎನ್ನುವುದು, ಆಮೇಲೆ ಒಳಗಡೆ ಯಾರೋ ಹಗ್ಗ ಹಿಡಿದು ಜಗ್ಗಿದ ಹಾಗೆ ಆಗುವುದು. ಇಷ್ಟು ತಿಂಗಳು ಅದರ ಜೊತೆ ಸಂಸಾರ ಮಾಡಿದವಳು ಅವಳು, ಕತ್ತಲಲ್ಲಿ ಎದುರಾದರೂ ಗುರುತು ಹಿಡಿಯುತ್ತಿದ್ದಳು.

ಆದರೆ ಡಾಕ್ಟರುಗಳಿಗೆ ಗುರುತು ಸಿಗಬೇಕಲ್ಲ! ಲೀಗಿಗೆ ಇದ್ದವರು ನಾಲ್ವರು ಡಾಕ್ಟರು. ಗಡ್ಡದ ಡಾಕ್ಟರು ಅವಳ ಕಾಲನ್ನು ಮಡಚಿ, ತಿರುಗಿಸಿ, ಸೊಂಟದ ಕೀಲು ಸವೆದಿದೆ ಎಂದರು. ಮಾತಿಗೊಮ್ಮೆ ಕನ್ನಡಕ ಒರೆಸುವ ಡಾಕ್ಟರು ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಮೇಲೆ ಬೆರಳಿಟ್ಟು, ತೊಂದರೆ ಇರುವುದು ಇಲ್ಲೇ ಎಂದರು. ಮೂರನೆಯವರು ತೀರ ಮೃದು ಮನುಷ್ಯ. ಒಳತೊಡೆಯ ಸ್ನಾಯು ಇರಬಹುದು, ಇಲ್ಲದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕಳಿಸಿದರು. ಸ್ಕ್ಯಾನು ಮಾಡಿಸಿದರೆ ಅದರಲ್ಲಿ ಎಲ್ಲ ಕಡೆಯೂ ಅಷ್ಟಿಷ್ಟು ಸವೆತ. ಆ ವಯಸ್ಸಿಗೆ, ಆ ಆಟಕ್ಕೆ ಇರುವುದೇ. ಆದರೂ ಒಬ್ಬೊಬ್ಬರಿಗೂ ಅವರವರಿಗೆ ಬೇಕಾದದ್ದು ಅದರಲ್ಲಿ ಕಂಡಿತು.

ಉಳಿದವರು ದೊಡ್ಡ ಡಾಕ್ಟರು. ಬೆಳ್ಳಿ ಕೂದಲಿನ ಹೆಂಗಸು. ಕೈ ಬೆಚ್ಚಗೆ, ಮಾತು ಖಡಕ್ಕು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ನಾಲ್ಕನೆಯದು ಎದುರಿಗೆ ಕುಣಿದರೂ ಅವರು ನೋಡುವವರಲ್ಲ. ತೊಡೆಸಂದಿನ ಮಡಿಕೆಯ ಮೇಲೆ ಎರಡು ಬೆರಳು ಊರಿ, "ನೋವಾ?" ಎಂದರು. ಗೋಡೆ "ಹೌದು" ಎಂದಳು. "ಕಿಬ್ಬೊಟ್ಟೆ ಗೋಡೆ ತೆಳುವಾಗಿದೆ. ಕೊಯ್ದು ಹೊಲೀಬೇಕು. ಸೋಮವಾರ ಬೆಳಿಗ್ಗೆ ಬಾ," ಎಂದು ಕೈ ತೊಳೆದುಕೊಂಡರು.

ಗೋಡೆಗೇ ಗೋಡೆ ತೆಳುವಂತೆ ಎಂದು ತಂಡದ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಗೋಡೆಯೂ ನಕ್ಕಳು. ಮನೆಗೆ ಹೋಗುವ ಬಸ್ಸಿನಲ್ಲಿ ನಗು ಇಳಿಯಿತು. ಕೊಯ್ಸಿಕೊಂಡರೆ ಈ ಸೀಸನ್ನು ಪೂರ್ತಿ ಹೋಯಿತು, ಅವಳ ವಯಸ್ಸಿನ ಕೀಪರಿಗೆ ಒಂದು ಸೀಸನ್ ಹೋದರೆ ಮುಂದಿನದ್ದಕ್ಕೆ ಯಾರೂ ಕರೆಯುವುದಿಲ್ಲ. ಕೊಯ್ಸಿಕೊಂಡ ಮೇಲೂ ನೋವು ಅಲ್ಲೇ ಇದ್ದರೆ? ನಾಲ್ವರಲ್ಲಿ ಮೂವರು ಬೇರೆ ಜಾಗ ಹೇಳಿದ್ದಾರೆ ಎಂದ ಮೇಲೆ ಬರೀ ಒಬ್ಬರ ಮಾತಿಗೆ ಹೊಟ್ಟೆ ಒಡ್ಡುವುದು ಹೇಗೆ?

ಒಡ್ಡದಿದ್ದರೂ ಕೆಟ್ಟಿತು. "ಡಾಕ್ಟರ್ ಮಾತು ಮೀರಿದವ್ರಿಗೆ ಜರ್ಸಿ ಇಲ್ಲ," ಎನ್ನುವುದು ಕೋಚಿನ ಕಾನೂನು. ದೊಡ್ಡ ಡಾಕ್ಟರು ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟಲು ಹಗ್ಗ ಹುಡುಕುವ ಆಸಾಮಿ ಆತ.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮುಂಭಾಗದ ಕೋಣೆಯೇ ಅವಳ ಅಂಗಡಿ. ಒಂದು ಕಡೆ ಹೊಲಿಯದ ಬಟ್ಟೆಯ ರಾಶಿ, ಇನ್ನೊಂದು ಕಡೆ ಹೊಲಿದದ್ದು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಆ ಜಾಗದಲ್ಲಿ ಆಗಲೇ ಆಸ್ಪತ್ರೆಯ ಚೀಲ ಸಿದ್ಧವಾಗಿ ಕೂತಿತ್ತು. ಟವೆಲ್ಲು, ಎರಡು ಸಡಿಲ ಅಂಗಿ, ಹೊಸ ಚಪ್ಪಲಿ.

"ನಾನ್ ಹೋಗ್ತೀನಿ ಅಂತ ಯಾರಮ್ಮ ಹೇಳಿದ್ದು ನಿಂಗೆ?"

"ನಿಮ್ಮ ಕೋಚು ಫೋನ್ ಮಾಡಿದ್ರು. ದೊಡ್ಡವ್ರು ಹೇಳಿದ್ದಾರೆ, ಹೋಗದೆ ಏನ್ಮಾಡ್ತೀಯ? ನನ್ನ ಕೇಳಿದ್ರೆ ನೀನು ನೀರು ಕುಡಿಯಲ್ಲ, ಅದಕ್ಕೇ ಈ ನೋವು. ಆದ್ರೆ ನನ್ನ ಯಾರ್ ಕೇಳ್ತಾರೆ."

"ಸರಿ ಹೋಯ್ತು. ನಾಲ್ಕಿತ್ತು, ನಿಂದೂ ಸೇರಿ ಐದಾಯ್ತು."

"ನಗ್ಬೇಡ ಕಣೆ. ಮೆಟ್ಲು ಇಳಿಯೋವಾಗ ಕಂಬಿ ಹಿಡ್ಕೊಂಡು ಇಳೀತೀಯ, ನನ್ ಕಣ್ಣಿಗೆ ಕಾಣಲ್ವಾ?" ಎಂದ ಅಮ್ಮನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. "ಹೆಂಗಾದ್ರೂ ವಾಸಿಯಾಗ್ಲಿ ಅಂತ ಅಷ್ಟೇ."

ಗೋಡೆ ಚೀಲವನ್ನು ದಾಟಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಆಕೆ ಸೀದಾ ಕ್ರೀಡಾ ಚಿಕಿತ್ಸಾಲಯಕ್ಕೆ ನುಗ್ಗಿದಳು. ದೊಡ್ಡ ಡಾಕ್ಟರು ಲೀಗಿನ ಫಿಸಿಯೋ ಜೊತೆ ಶನಿವಾರದ ತಪಾಸಣೆಯ ಬಗ್ಗೆ ಮಾತಾಡುತ್ತಿದ್ದರು. ಸೀಸನ್ ಶುರುವಾಗುವ ಮುಂಚೆ ನಾಲ್ಕೂ ಡಾಕ್ಟರು ಒಂದೇ ಕಡೆ ಕೂತು ಎಲ್ಲ ತಂಡದವರನ್ನೂ ನೋಡುವ ದಿನ ಅದು. ಫಿಸಿಯೋ ಕೆಲಸಕ್ಕೆ ಹೊಸಬಳು, ಓದಿದವಳು, ಸ್ವಲ್ಪ ಪುಕ್ಕಲಿ.

"ಮೇಡಂ, ಒಬ್ರು ಕೀಲು ಅಂತಾರೆ, ಒಬ್ರು ಮೂಳೆ ಅಂತಾರೆ, ಒಬ್ರು ಸ್ನಾಯು ಅಂತಾರೆ, ನೀವು ಕೊಯ್ಬೇಕು ಅಂತೀರಿ. ನಂಗಿರೋದು ಒಂದೇ ಸೊಂಟ. ಯಾರ ಮಾತು ಕೇಳ್ಲಿ?"

"ನನ್ನ ಮಾತು," ಎಂದರು ದೊಡ್ಡ ಡಾಕ್ಟರು.

"ನೀವು ನನ್ನ ಕಥೆ ಕೇಳಿ, ಮುಖ ನೋಡಿ, ಸ್ಕ್ಯಾನ್ ನೋಡಿ ಹೇಳಿದ್ರಿ. ಅವ್ರೂ ಹಾಗೇ ಹೇಳಿದ್ರು. ಮುಖ ಮುಚ್ಕೊಂಡು ಮಲಗ್ತೀನಿ, ಯಾರು ಅಂತ ಗೊತ್ತಿಲ್ದೆ ನಾಲ್ಕೂ ಜನ ನೋಡಿ. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳ್ಬಾರ್ದು. ಆಗ್ಲೂ ನೀವೇ ಸರಿ ಅಂತ ಬಂದ್ರೆ ಸೋಮವಾರ ನಾನೇ ಚೀಲ ಹೊತ್ಕೊಂಡು ಬರ್ತೀನಿ."

ಕೋಚು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. "ಏಯ್, ಯಾರ ಹತ್ರ ಮಾತಾಡ್ತಿದ್ದೀಯ ಅಂತ ನೆಟ್ಟಗೆ ಗೊತ್ತಾ?" ಎಂದು ಗದರಿದ.

ದೊಡ್ಡ ಡಾಕ್ಟರಿಗೆ ಸಿಟ್ಟು ಬರಲಿಲ್ಲ, ಛಲ ಬಂತು. "ಮುಖ ನೋಡಿ ಹೇಳೋಕೆ ನಾನೇನು ಜ್ಯೋತಿಷ್ಯ ಹೇಳ್ತೀನಾ? ನನ್ನ ಬೆರಳಿಗೆ ಕಣ್ಣಿದೆ ತಾಯಿ. ಒಬ್ಬಳ್ಯಾಕೆ, ಹತ್ತು ಜನರನ್ನ ಮಲಗ್ಸಿ. ನೋವಿರೋವ್ರು, ಇಲ್ದಿರೋವ್ರು, ಎಲ್ಲಾ ಬೆರೆಸಿ ಮಲಗ್ಸಿ."

ಬಾಯಿ ತಪ್ಪಿ ಬಂದ ಮಾತೋ ಏನೋ. ಆದರೆ ಫಿಸಿಯೋ ಅದನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. ಎಲ್ಲೋ ಹೀಗೆ ಮಾಡಿ ನೋಡಿದ್ದನ್ನು ಓದಿದ್ದಳಂತೆ, ಎಂದಾದರೂ ಮಾಡಬೇಕೆಂದು ಒಳಗೊಳಗೇ ಆಸೆ ಇತ್ತಂತೆ. ಶನಿವಾರದ ಹೊತ್ತಿಗೆ ಒಳಾಂಗಣ ಕ್ರೀಡಾಂಗಣದ ಮರದ ನೆಲದ ಮೇಲೆ ಮಂಚಗಳು ಸಾಲಾಗಿ ಬಿದ್ದವು. ಬ್ಯಾಡ್ಮಿಂಟನ್ ಕಂಬಗಳಿಗೆ ಹಗ್ಗ ಕಟ್ಟಿ ಹಾಸಿಗೆಯ ಬಿಳಿ ಚಾದರಗಳನ್ನು ಇಳಿಬಿಟ್ಟಳು. ಮಲಗಿದವರ ಸೊಂಟದಿಂದ ಕೆಳಗಿನದ್ದು ಮಾತ್ರ ಈಚೆಗೆ, ಮಿಕ್ಕದ್ದೆಲ್ಲ ಚಾದರದ ಆಚೆಗೆ. ಎಲ್ಲರಿಗೂ ಒಂದೇ ತರಹದ ಕಪ್ಪು ಚಡ್ಡಿ. ಕಾಲ್ಚೀಲ ಬಿಚ್ಚಿಸಿದಳು. ಪ್ರತಿ ಮಂಚದ ಕಾಲಿಗೂ ಒಂದೊಂದು ಸ್ಟೀಲಿನ ಡಬ್ಬಿ ಕಟ್ಟಿದಳು. ಡಾಕ್ಟರುಗಳ ಜೇಬಿಗೆ ಬಟ್ಟೆ ಒಣಹಾಕುವ ಬಣ್ಣಬಣ್ಣದ ಕ್ಲಿಪ್ಪುಗಳು. ಕೆಂಪು ಹಾಕಿದರೆ ಕಿಬ್ಬೊಟ್ಟೆಯ ಗೋಡೆ, ನೀಲಿ ಎಂದರೆ ಕೀಲು, ಹಸಿರು ಮೂಳೆಗೆ, ಹಳದಿ ಒಳತೊಡೆಯ ಸ್ನಾಯುವಿಗೆ. ಏನೂ ಇಲ್ಲವೆಂದರೆ ಬಿಳಿ. ಡಬ್ಬಿಯ ಮುಚ್ಚಳದ ಸೀಳಿನಲ್ಲಿ ಹಾಕಿ ಮುಂದಿನ ಮಂಚಕ್ಕೆ ಹೋಗಬೇಕು.

ನಾಲ್ವರೂ ಒಂದೇ ಕ್ರಮದಲ್ಲಿ ಮುಟ್ಟಬೇಕು, ಯಾರೂ ಮಾತಾಡಕೂಡದು ಎಂದಳು. ಮಲಗಿದವರ ಎದೆಯ ಮೇಲೆ ಅಂಗಡಿಯ ಕೌಂಟರಿನಲ್ಲಿ ಇರುತ್ತದಲ್ಲ, ಅಂಥ ಒತ್ತುವ ಗಂಟೆ. "ನೋವಾದ್ರೆ ಗಂಟೆ ಒತ್ತಿ, ಅಷ್ಟೇ," ಎಂದು ಹೇಳಿಕೊಟ್ಟಳು.

ಗೋಡೆಯ ಪಕ್ಕದ ಮಂಚ ಪಟಾಕಿಯದು. ಮುಂಚೂಣಿಯಲ್ಲಿ ಆಡುವ ಹುಡುಗಿ, ಮಾತು ಚಟಪಟ, ತಲೆನೋವು ಕೂಡ ಕಂಡವಳಲ್ಲ. ನೋವಿಲ್ಲದವರ ಲೆಕ್ಕಕ್ಕೆ ಅವಳನ್ನು ಮಲಗಿಸಿದ್ದರು. ಗಡ್ಡದ ಡಾಕ್ಟರು ಅವಳ ಕಾಲು ಮಡಚಿ ತಿರುವಿದ್ದೇ ತಡ, ಟಿಣ್! ಮೂಳೆಯ ಮೇಲೆ ಒತ್ತಿದರು, ಟಿಣ್! ಮಡಿಕೆಯೊಳಗೆ ಬೆರಳು ಊರಿದರು, ಟಿಣ್ ಟಿಣ್!

"ನಿಂಗೆಂಥ ನೋವೇ?" ಎಂದು ಗೋಡೆ ಚಾದರದ ಹಿಂದಿನಿಂದಲೇ ಪಿಸುಗುಟ್ಟಿದಳು.

"ಅಯ್ಯೋ, ಬೆರಳಲ್ಲ ಕಣಕ್ಕ ಅದು, ಗೂಟ! ಹಂಗೆ ಒತ್ತಿದ್ರೆ ಯಾರಿಗೆ ನೋಯಲ್ಲ?"

ಆ ಮಾತು ಗೋಡೆಯ ಕಿವಿಯಲ್ಲಿ ಕೂತಿತು. ಆದರೆ ಅಷ್ಟರಲ್ಲಿ ಅವಳ ಸರದಿ ಬಂತು. ಒಬ್ಬರಾದ ಮೇಲೆ ಒಬ್ಬರು ಬಂದರು, ಮಡಚಿದರು, ಊರಿದರು, ಒತ್ತಿದರು. ನೋವಾದಾಗಲೆಲ್ಲ ಗಂಟೆ ಒತ್ತಿದಳು. ನೋಯದೆ ಇದ್ದದ್ದೆಲ್ಲಿ? ನಾಲ್ಕು ಸಲವೂ ಎಲ್ಲ ಕಡೆಯೂ ಗಂಟೆ.

ಚಹಾದ ಹೊತ್ತಿಗೆ ಡಾಕ್ಟರುಗಳು ಮೇಲಿನ ಕೋಣೆಗೆ ಹೋದರು. ಫಿಸಿಯೋ ಕೂತು ಡಬ್ಬಿಗಳನ್ನು ಬಿಚ್ಚುತ್ತಾ ಹೋದಳು, ಮುಖ ಬಿಳಿಚಿಕೊಳ್ಳುತ್ತಾ ಹೋಯಿತು. ಗೋಡೆ ಹೋಗಿ ಇಣುಕಿದಳು. ತನ್ನ ಡಬ್ಬಿಯಲ್ಲಿ ಕೆಂಪು, ನೀಲಿ, ಹಸಿರು, ಹಳದಿ. ನಾಲ್ವರಿಂದ ನಾಲ್ಕು. ಪಟಾಕಿಯ ಡಬ್ಬಿಯಲ್ಲಿ ಎರಡು ಕೆಂಪು, ಒಂದು ನೀಲಿ, ಒಂದು ಹಸಿರು. ಏನೂ ಇಲ್ಲದ ಹುಡುಗಿಗೆ ಒಂದಾದರೂ ಬಿಳಿ ಕ್ಲಿಪ್ಪು ಬೇಡವೇ!

"ನೋಡೇ ಪಟಾಕಿ, ನಿನ್ನನ್ನೂ ಸೋಮವಾರ ಕೊಯ್ತಾರಂತೆ," ಎಂದು ಗೋಡೆ ನಕ್ಕಳು. ನಗುತ್ತಾ ನಗುತ್ತಾ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇದನ್ನು ನಂಬಿಕೊಂಡು ಅಮ್ಮ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾಳೆ. ಇದನ್ನು ನಂಬಿಕೊಂಡು ಕೋಚು ಜರ್ಸಿ ಕಿತ್ತುಕೊಳ್ಳುತ್ತಾನಂತೆ.

"ಅವ್ರೆಲ್ಲಾ ದಡ್ಡರಲ್ಲ," ಎಂದಳು ಫಿಸಿಯೋ. ಅಳು ಬರುವಂತಿತ್ತು ಅವಳಿಗೆ. "ನಾನೇ ಏನೋ ತಪ್ಪು ಮಾಡಿದ್ದೀನಿ. ಮುಖ ಮುಚ್ಸಿದೆ, ಬಾಯಿ ಮುಚ್ಸಿದೆ, ಆದ್ರೂ..."

"ಗಂಟೆ," ಎಂದಳು ಗೋಡೆ. "ಎಡವಟ್ಟಾಗಿದ್ದು ಗಂಟೇಲಿ. ನೋವಾದ್ರೆ ಒತ್ತಿ ಅಂದ್ರಿ. ಗೂಟ ಹಾಕಿದ ಹಾಗೆ ಒತ್ತಿದ್ರೆ ಎಲ್ರಿಗೂ ನೋಯುತ್ತೆ. ಪಟಾಕಿಗೂ ನೋಯ್ತು, ನಂಗೂ ನೋಯ್ತು. ಆದ್ರೆ ಅದು ಅವ್ರ ಬೆರಳು ಕೊಟ್ಟ ನೋವು. ನಾನು ಮನೆಯಿಂದ ತಂದ ನೋವು ಬೇರೆ ಇದೆಯಲ್ಲ, ಅದು ಯಾವ್ದು ಅಂತ ಇಲ್ಲೀತನಕ ಒಬ್ಬರೂ ಕೇಳಿಲ್ಲ."

ಫಿಸಿಯೋ ಅವಳನ್ನು ನೋಡುತ್ತಾ ಕೂತಳು. "ಓದಿದ್ದೆ ನಾನು," ಎಂದು ಹಣೆ ಚಚ್ಚಿಕೊಂಡಳು. "ಇದೇ ಮಾತು ಓದಿದ್ದೆ! 'ಇದು ನಿನಗೆ ಗೊತ್ತಿರೋ ನೋವೇನಾ' ಅಂತ ಕೇಳ್ಬೇಕು ಅಂತ. ಚಾದರ ಕಟ್ಟೋ ಗಡಿಬಿಡೀಲಿ ಬಿಟ್ಟೇಬಿಟ್ಟೆ ನೋಡಿ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಧ್ಯಾಹ್ನಕ್ಕೆ ಬರಬೇಕಿದ್ದ ಇನ್ನೊಂದು ತಂಡದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯಂತೆ, ಬರುವುದಿಲ್ಲವಂತೆ. ಫಿಸಿಯೋ ತಲೆ ಮೇಲೆ ಕೈ ಹೊತ್ತಳು. ಗೋಡೆಯ ಕಣ್ಣು ಮಾತ್ರ ಪೆನಾಲ್ಟಿ ಹೊಡೆಯುವವಳ ಕಾಲು ನೋಡುವಾಗ ಆಗುವಂತೆ ಸಣ್ಣದಾಯಿತು.

"ಯಾಕ್ ಬರ್ಬೇಕು? ನಾವೇ ಇನ್ನೊಂದ್ಸಲ ಮಲಗ್ತೀವಿ. ಮಂಚ ಅದಲು ಬದಲು ಮಾಡ್ಕೋತೀವಿ. ಅವ್ರಿಗೆ ಕಾಣೋದು ಚಡ್ಡಿ, ಮೊಣಕಾಲು. ಯಾರಿಗೆ ಗೊತ್ತಾಗುತ್ತೆ?"

"ಹೇಳ್ದೆ ಮಾಡೋದು ಮೋಸ ಅಲ್ವಾ?"

"ಮುಗಿದ ತಕ್ಷಣ ಹೇಳಿ. ನಾನೇ ಹೇಳ್ತೀನಿ ಬೇಕಾದ್ರೆ."

"ದೊಡ್ಡ ಡಾಕ್ಟರು ನನ್ನ ಕೆಲಸ ತೆಗೆದ್ರೆ?"

"ಅವ್ರು ನನ್ನ ಹೊಟ್ಟೇನೇ ತೆಗೀತಿದ್ದಾರೆ. ನಿಮ್ಗೆ ಕೆಲಸದ ಚಿಂತೆ!"

ಫಿಸಿಯೋ ಒಂದು ಗುಟುಕು ತಣ್ಣಗಾದ ಚಹಾ ಕುಡಿದಳು. ಆಮೇಲೆ ಎದ್ದು ಡಬ್ಬಿಗಳನ್ನು ಖಾಲಿ ಮಾಡಿ ಮತ್ತೆ ಕಟ್ಟತೊಡಗಿದಳು. ಪುಕ್ಕಲಿ ಎಂದೆನಲ್ಲ, ಆ ಮಾತನ್ನು ಇಲ್ಲಿಗೆ ವಾಪಸು ತೆಗೆದುಕೊಂಡಿದ್ದೇನೆ.

ಡಾಕ್ಟರುಗಳು ಇಳಿದು ಬಂದಾಗ ಅವಳು ಗಂಟಲು ಸರಿಮಾಡಿಕೊಂಡು ಹೇಳಿದಳು. "ಎರಡನೇ ಸುತ್ತು ತಯಾರಿದೆ. ಈ ಸಲ ಒಂದು ಬದಲಾವಣೆ. ಒತ್ತಿದ್ದಕ್ಕೆ ನೋವಾದ್ರೆ ಗಂಟೆ ಹೊಡೆಯಲ್ಲ. ಆಡೋವಾಗ ಕಾಡೋ ಅದೇ ನೋವು ಸಿಕ್ಕಿದ್ರೆ ಮಾತ್ರ ಹೊಡೀತಾರೆ."

ದೊಡ್ಡ ಡಾಕ್ಟರು ನಕ್ಕರು. "ನೋವು ಅಂದ್ರೆ ನೋವಮ್ಮ. ಅದ್ರಲ್ಲಿ ಮನೇದು, ಮಠದ್ದು ಅಂತ ಇರುತ್ತಾ? ಆಗ್ಲಿ, ನಡೀರಿ."

ಗೋಡೆ ಈ ಸಲ ಕೊನೆಯ ಮಂಚದಲ್ಲಿ ಮಲಗಿದ್ದಳು. ಚಾದರದಿಂದ ಸೋಪಿನ ವಾಸನೆ ಬರುತ್ತಿತ್ತು. ಗಂಟೆಯ ಮೇಲೆ ಬೆರಳು ಇಟ್ಟುಕೊಂಡು ಅವಳು ತನ್ನಷ್ಟಕ್ಕೆ ಒಂದು ಆಣೆ ಮಾಡಿಕೊಂಡಳು. ಕಿಬ್ಬೊಟ್ಟೆಯ ಮಡಿಕೆಯಲ್ಲಿ ನನ್ನ ನೋವು ಸಿಕ್ಕರೆ ಗಂಟೆ ಹೊಡೆದೇ ಹೊಡೆಯುತ್ತೇನೆ. ಹೊಡೆದು ಸೋಮವಾರ ಚೀಲ ಹಿಡಿದು ಹೋಗುತ್ತೇನೆ. ಹಟಕ್ಕೆ ಸುಳ್ಳು ಹೇಳಿದರೆ ನನಗೂ ಅವರಿಗೂ ಏನು ವ್ಯತ್ಯಾಸ?

ಮೊದಲು ಗಡ್ಡದವರು, ಆಮೇಲೆ ಕನ್ನಡಕದವರು, ಆಮೇಲೆ ಮೃದು ಮನುಷ್ಯ. ಮೂರು ಸಲ ಡಬ್ಬಿಯಲ್ಲಿ ಕ್ಲಿಪ್ಪು ಬಿದ್ದ ಸದ್ದಾಯಿತು. ಯಾವ ಬಣ್ಣವೋ ಅವಳಿಗೆ ಕಾಣದು. ಕೊನೆಗೆ ಚಪ್ಪಲಿ ಎಳೆಯುತ್ತಾ ಬಂದವರು ದೊಡ್ಡ ಡಾಕ್ಟರು. ಆ ಬೆಚ್ಚಗಿನ ಕೈ ಅವಳಿಗೆ ಗೊತ್ತೇ ಇತ್ತು.

ಕಾಲನ್ನು ಮಡಚಿ ಒಳಕ್ಕೆ ತಿರುಗಿಸಿದರು. ಬಿಗಿಯಿತು. ನನ್ನದಲ್ಲ. ಮೂಳೆಯ ಮೇಲೆ ಬೆರಳು ಒತ್ತಿದರು. ಹಣ್ಣಾದ ಜಾಗ, ಬೆಳಗಿನಿಂದ ಎಷ್ಟು ಸಲ ಒತ್ತಿಸಿಕೊಂಡಿತೋ, ನೋವಾಯಿತು. ನನ್ನದಲ್ಲ. ಮಡಿಕೆಗೆ ಬಂದರು. ಎರಡು ಬೆರಳು ಊರಿದರು, ಕೆಮ್ಮು ಎನ್ನುವಂತೆ ಹೊಟ್ಟೆ ತಟ್ಟಿದರು. ಕೆಮ್ಮಿದಳು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಇಲ್ಲೇ ಅಲ್ಲವೇ ಅಂದು "ಹೌದು" ಎಂದಿದ್ದು? ಇಲ್ಲೇ ಅಲ್ಲವೇ ಅವರು ಕೊಯ್ಯುವುದು? ಗೋಡೆ ಉಸಿರು ಹಿಡಿದು ಹುಡುಕಿದಳು. ಚುಳ್ ಇಲ್ಲ, ಹಗ್ಗ ಜಗ್ಗುವುದಿಲ್ಲ. ಒತ್ತಿದ ನೋವು ಅಷ್ಟೇ. ನನ್ನದಲ್ಲ, ನನ್ನದಲ್ಲ. ಗಂಟೆ ಸುಮ್ಮನಿತ್ತು.

ಬೆರಳು ಕೆಳಗೆ ಜಾರಿತು. ಒಳತೊಡೆಯ ಗಟ್ಟಿ ನರದಂಥ ಸ್ನಾಯುವಿನ ಗುಂಟ ಮೇಲಕ್ಕೆ ಹೋಗಿ, ಅದು ಮೂಳೆಗೆ ಅಂಟುವ ಜಾಗಕ್ಕೆ ಮುಟ್ಟಿತು. ಜೋರಾಗಿ ಒತ್ತಲೂ ಇಲ್ಲ.

ಬಂತು. ಅದೇ ಚುಳುಕು, ಅದೇ ಹಗ್ಗ. ಗುಂಪಿನಲ್ಲಿ ಮನೆಯವರು ಸಿಕ್ಕ ಹಾಗೆ ಸಿಕ್ಕಿತು. ಗೋಡೆ ಗಂಟೆಯನ್ನು ಗುದ್ದಿದಳು. ದೊಡ್ಡ ಡಾಕ್ಟರು ಅವಳ ಎರಡು ಮೊಣಕಾಲಿನ ನಡುವೆ ಮುಷ್ಟಿ ಇಟ್ಟು ಅಮುಕು ಎಂದು ತಟ್ಟಿದರು. ಅಮುಕಿದ್ದೇ ತಡ, ಮತ್ತೆ ಗಂಟೆ.

ಸುಮ್ಮನಿರುವುದು ದೊಡ್ಡ ಡಾಕ್ಟರ ಜಾಯಮಾನವಲ್ಲ. ಬೆಳಿಗ್ಗೆಯೆಲ್ಲ ಬಾಯಿ ಕಟ್ಟಿಕೊಂಡಿದ್ದೇ ದೊಡ್ಡದು. "ಒಳತೊಡೆ," ಎಂದು ಗೊಣಗುತ್ತಾ ಜೇಬಿಗೆ ಕೈ ಹಾಕಿದರು. "ಇಷ್ಟು ಸ್ಪಷ್ಟವಾಗಿದೆ, ಕಣ್ಣು ಮುಚ್ಚಿ ಹೇಳ್ಬಹುದು. ಪಾಪ, ಯಾರ ಮಗಳೋ. ಇವಳನ್ನ ಯಾರೂ ಕೊಯ್ಯೋಕೆ ಹೋಗ್ಬೇಡಿ. ಮೂರ್ನಾಲ್ಕು ತಿಂಗಳು ನಿಯತ್ತಾಗಿ ವ್ಯಾಯಾಮ ಮಾಡಿದ್ರೆ ಕುದುರೆ ಹಾಗೆ ಓಡ್ತಾಳೆ."

ಕ್ಲಿಪ್ಪು ಡಬ್ಬಿಗೆ ಬಿತ್ತು.

ಗೋಡೆ ಚಾದರವನ್ನು ಕಿತ್ತು ಎಸೆದಳು. ಹಗ್ಗ ತುಂಡಾಗಿ ಬ್ಯಾಡ್ಮಿಂಟನ್ ಕಂಬ ದಡ್ಡನೆ ನೆಲಕ್ಕೆ ಬಿತ್ತು. ಮಂಚದ ಮೇಲೆ ಎದ್ದು ಕೂತು, ಕೆದರಿದ ತಲೆಯಲ್ಲೇ ಕೇಳಿದಳು.

"ಹಾಗಾದ್ರೆ ಸೋಮವಾರ ಯಾರನ್ನ ಕೊಯ್ತೀರಿ ಮೇಡಂ?"

ಚಾದರಗಳ ಹಿಂದಿನಿಂದ ಒಂದೊಂದೇ ತಲೆ ಮೇಲೆದ್ದವು. ಎಲ್ಲ ಬೆಳಗಿನ ತಲೆಗಳೇ. ಪಟಾಕಿ ಕೈ ಬೀಸಿದಳು. ಮೃದು ಮನುಷ್ಯ "ಅರೆ!" ಎಂದರು, ಅನುಮಾನವಿಲ್ಲದೆ ಅವರು ಆಡಿದ ಮೊದಲ ಮಾತು ಅದೇ ಇರಬೇಕು.

"ಇದೇನಿದು?" ದೊಡ್ಡ ಡಾಕ್ಟರ ಮುಖ ಕೆಂಪೇರಿತು. "ಬೇರೆ ತಂಡ ಅಲ್ವಾ ಇದು? ನಮಗೇ ಟೋಪಿ ಹಾಕ್ತೀರಾ?"

"ಎರಡನೇ ಸುತ್ತು ಅಂತ ಹೇಳಿದ್ದೆ ಮೇಡಂ, ಬೇರೆ ತಂಡ ಅಂತ ಹೇಳಿರ್ಲಿಲ್ಲ," ಎಂದಳು ಫಿಸಿಯೋ. ಗೋಡೆಯ ಮಂಚದ ಡಬ್ಬಿ ಬಿಚ್ಚಿ ಅಂಗೈಗೆ ಸುರಿದುಕೊಂಡು ಎತ್ತಿ ತೋರಿಸಿದಳು. ಹಳದಿ, ಹಳದಿ, ಹಳದಿ, ಹಳದಿ. ಇನ್ನೊಂದು ಕೈಯಲ್ಲಿ ಅವಳು ಎತ್ತಿಟ್ಟುಕೊಂಡಿದ್ದ ಬೆಳಗಿನವು ಇದ್ದವು, ನಾಲ್ಕೂ ಬೇರೆ ಬೇರೆ ಬಣ್ಣ. ಪಟಾಕಿಯ ಡಬ್ಬಿಯಲ್ಲಿ ಈ ಸಲ ಎಲ್ಲ ಬಿಳಿ.

"ಬೆಳಿಗ್ಗೆ ಎಲ್ಲಿ ಮುಟ್ಟಿದ್ರೂ ಗಂಟೆ ಹೊಡೆದವಳು ನೀನೇ ತಾನೇ?" ಎಂದರು ದೊಡ್ಡ ಡಾಕ್ಟರು.

"ಹೌದು. ನೋವಾ ಅಂತ ಕೇಳಿದ್ರಿ, ಹೌದು ಅಂದೆ. ನಿಮ್ಮ ಕೋಣೇಲೂ ಅಷ್ಟೇ ಕೇಳಿದ್ದು, ಅಷ್ಟೇ ಹೇಳಿದ್ದು. ಅಷ್ಟಕ್ಕೇ ನನ್ನ ಹೊಟ್ಟೆ ಕೊಯ್ಯೋಕೆ ದಿನ ಗೊತ್ತು ಮಾಡಿದ್ರಿ. ನಿಮ್ಮ ಬೆರಳಿಗೆ ಕಣ್ಣಿದೆ ಮೇಡಂ, ಇಲ್ಲ ಅನ್ನಲ್ಲ. ಈಗ ತಾನೇ ನೋಡಿದ್ನಲ್ಲ. ಆದ್ರೆ ನನ್ನ ನೋವಿನ ಗುರುತು ಇರೋದು ನನಗೆ. ಅದನ್ನ ನನ್ನ ಕೇಳ್ದೆ ಯಾರನ್ನ ಕೇಳ್ತೀರಿ?"

ಕೋಚು ಮುಂದೆ ಬಂದ. ಆತನಿಗೆ ಬಣ್ಣದ ಲೆಕ್ಕ ತಲೆಗೆ ಹತ್ತಿರಲಿಲ್ಲ, ಕಾನೂನು ಮಾತ್ರ ನೆನಪಿತ್ತು. "ಅದೆಲ್ಲಾ ಸರಿ. ಡಾಕ್ಟರ್ ಮಾತು ಮೀರಿದ್ರೆ ಜರ್ಸಿ ಇಲ್ಲ."

"ಮೀರ್ತಿಲ್ಲ ಕೋಚ್, ಪಾಲಿಸ್ತಿದ್ದೀನಿ! ಯಾರೂ ಕೊಯ್ಯೋಕೆ ಹೋಗ್ಬೇಡಿ ಅಂತ ಈಗ ತಾನೇ ಡಾಕ್ಟರೇ ಹೇಳಿದ್ರು. ನಿಮ್ಮ ಕಿವಿಯಾರೆ ಕೇಳಿಸ್ಕೊಂಡ್ರಲ್ಲ."

ಯಾರೋ ಕಿಸಕ್ಕೆಂದರು. ಕೋಚು ದೊಡ್ಡ ಡಾಕ್ಟರ ಮುಖ ನೋಡಿದ. ಎತ್ತು ಈದಿದೆಯೋ ಇಲ್ಲವೋ ಅವರೇ ಹೇಳಬೇಕಿತ್ತು.

ದೊಡ್ಡ ಡಾಕ್ಟರು ಫಿಸಿಯೋ ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ "ಮಲಗು," ಎಂದರು. ಗೋಡೆ ಅಲ್ಲಾಡಲಿಲ್ಲ. "ಮಲಗು ತಾಯಿ, ಚಾದರ ಬೇಡ," ಎಂದರು ಇನ್ನೊಮ್ಮೆ. ಮಲಗಿದಳು. ಅವರು ಮಡಿಕೆಯ ಮೇಲೆ ಬೆರಳು ಊರಿ ಈ ಸಲ ಅವಳ ಮುಖವನ್ನೇ ನೋಡಿದರು.

"ಇದು ಯಾರದ್ದು?"

"ನಿಮ್ಮ ಬೆರಳಿಂದು."

ಕೈ ಒಳತೊಡೆಗೆ ಹೋಯಿತು. "ಇದು?"

"ನಂದು," ಎಂದಳು ಗೋಡೆ ಹಲ್ಲು ಕಚ್ಚಿ.

ದೊಡ್ಡ ಡಾಕ್ಟರು ನೆಟ್ಟಗೆ ನಿಂತು ಕನಿಷ್ಠ ಒಂದು ಕ್ಷಮೆಯ ಮಾತಾದರೂ ಹೇಳುತ್ತಾರೆಂದು ಹುಡುಗಿಯರು ಕಾದರು. ಅವರು ಅಂಥವರಲ್ಲ. "ಸೋಮವಾರ ನನಗೆ ಬೇರೆ ಕೆಲಸ ಇದೆ," ಎಂದು ಕೋಚಿನತ್ತ ತಿರುಗಿ ಹೇಳಿದರು. "ಇವಳ ಜರ್ಸಿ ಮುಟ್ಟಬೇಡಿ. ಆದ್ರೆ ನಾನು ಹೇಳೋತನಕ ಇವಳನ್ನ ಆಡಿಸ್ಲೂಬೇಡಿ." ಫಿಸಿಯೋ ಕೈಯಿಂದ ಬೆಳಗಿನ ಕೆಂಪು ಕ್ಲಿಪ್ಪನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಹೊರಟರು. ಬಾಗಿಲ ಬಳಿ ನಿಂತು ಕನ್ನಡಕದ ಡಾಕ್ಟರನ್ನು ಏನೋ ಕೇಳುತ್ತಿದ್ದರು, ಅವರು ಕನ್ನಡಕ ಒರೆಸುತ್ತಾ ತಲೆ ಆಡಿಸುತ್ತಿದ್ದರು.

ಗೆದ್ದಳೇ ಗೋಡೆ? ಗೆದ್ದಳು. ಆದರೆ ಪುಕ್ಕಟೆ ಗೆಲುವಲ್ಲ ಅದು. ಸೀಸನ್ನಿನ ಅರ್ಧ ಭಾಗ ಅವಳು ಬೆಂಚಿನ ಮೇಲೆ ಕೂತು, ಬದಲಿ ಕೀಪರ್ ಹುಡುಗಿಯ ಕಾಲ ಸಂದಿಯಲ್ಲಿ ಚೆಂಡು ನುಗ್ಗುವುದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಬೇಕು. ದಿನಾ ವ್ಯಾಯಾಮ ಮಾಡಬೇಕು, ದಿನಾ ಅಷ್ಟಷ್ಟು ನೋಯಿಸಿಕೊಳ್ಳಬೇಕು. ವಾಸಿಯಾಗುತ್ತದೆ ಎಂದು ನಾಲ್ವರೂ ಹೇಳಿದ್ದಾರೆ, ಬರೆದು ಕೊಟ್ಟವರು ಯಾರೂ ಇಲ್ಲ.

ಸೋಮವಾರ ಬೆಳಿಗ್ಗೆ, ಆಸ್ಪತ್ರೆಯ ಮೇಜಿನ ಮೇಲೆ ಇರಬೇಕಾಗಿದ್ದ ಹೊತ್ತಿನಲ್ಲಿ, ಗೋಡೆ ಅಮ್ಮನ ಅಂಗಡಿ ಕೋಣೆಯ ನೆಲದ ಮೇಲೆ ಅಂಗಾತ ಮಲಗಿದ್ದಳು. ಎರಡು ಬಟ್ಟೆರಾಶಿಯ ನಡುವಿನ ಜಾಗದಲ್ಲಿ ಆಸ್ಪತ್ರೆಯ ಚೀಲ ಈಗ ತಲೆದಿಂಬಾಗಿತ್ತು. ಮೊಣಕಾಲುಗಳ ನಡುವೆ ಹಳೆಯ ಫುಟ್‌ಬಾಲು. ಅಮುಕಿ ಹಿಡಿಯುವುದು, ಬಿಡುವುದು, ಮತ್ತೆ ಅಮುಕುವುದು. ಪಕ್ಕದಲ್ಲಿ ಅಮ್ಮ ಇಟ್ಟ ದೊಡ್ಡ ಲೋಟದ ತುಂಬ ನೀರು. ತನ್ನ ರೋಗನಿರ್ಣಯವನ್ನು ಅವಳು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ಹೊಲಿಗೆ ಯಂತ್ರ ನಿಂತಿತು. "ನೋಯ್ತಿದೆಯಾ?" ಎಂದಳು ಅಮ್ಮ. ಮಗಳ ಹಣೆಯ ಬೆವರು ಅವಳಿಗೆ ಕಂಡಿತ್ತು.

"ಕೇಳೋದಾದ್ರೆ ಸರಿಯಾಗಿ ಕೇಳಮ್ಮ."

ಅಮ್ಮ ಸ್ವಲ್ಪ ಯೋಚಿಸಿದಳು. ಸೂಜಿಯಿಂದ ದಾರ ಕಿತ್ತು, ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಗ್ಗಿ ನೋಡಿದಳು.

"ಅದೇ ನೋವೇನೇ? ನಿಂದೇನಾ?"

"ಹೂಂ, ನಂದೇ," ಎಂದು ಗೋಡೆ ಚೆಂಡನ್ನು ಇನ್ನಷ್ಟು ಬಿಗಿಯಾಗಿ ಅಮುಕಿದಳು. "ಬಿಡು, ಇದನ್ನ ನಾನ್ ನೋಡ್ಕೋತೀನಿ."